ಮನೆ ಕಂಪ್ಯೂಟರಿಗೆ ಪುಕ್ಕಟೆ ತಂತ್ರಾಂಶ: ಎಲ್ಲಿ ಹುಡುಕಬೇಕು, ಹೇಗೆ ಇಳಿಸಿಕೊಳ್ಳಬೇಕು



ಈ ಸಲದ ಗೋಡೆ ಪತ್ರಿಕೆಗೆ ಏನು ಬರೆಯೋದು ಅಂತ ನಾನು ಯೋಚನೆ ಮಾಡ್ತಾ ಇದ್ದೆ. ಆಗ ವಿಜ್ಞಾನದ ಮೇಷ್ಟ್ರು, "ಬೇರೆ ಯಾವುದೂ ಬೇಡ, ನಿಮ್ಮ ಮನೇಲಿ ಆಯ್ತಲ್ಲ, ಅದನ್ನೇ ಬರಿ. ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ" ಅಂದರು. ಮೊದಲು ನನಗೆ ನಾಚಿಕೆ ಆಯಿತು. ಯಾಕೆಂದರೆ ತಪ್ಪು ನನ್ನದೇ. ಆದರೂ ಬರೆಯುತ್ತಿದ್ದೇನೆ.

ಆದದ್ದು ಏನು?

ನಮ್ಮ ಅಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾರೆ. ಸಂಘದಲ್ಲಿ 18 ಜನ ಇದ್ದಾರೆ. ಒಬ್ಬೊಬ್ಬರು ವಾರಕ್ಕೆ 50 ರೂಪಾಯಿ ಕಟ್ಟುತ್ತಾರೆ. ಮಾವ ತಾಲ್ಲೂಕಿನಿಂದ ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟ ಮೇಲೆ ಅಮ್ಮ ಲೆಕ್ಕವನ್ನು ಅದರಲ್ಲೇ ಬರೆಯಲು ಕಲಿತರು. ದೀಪಾವಳಿಯಿಂದ ಈಚೆಗೆ ಪುಸ್ತಕದಲ್ಲಿ ಬರೆಯುವುದನ್ನೇ ಬಿಟ್ಟಿದ್ದರು.

ಆದರೆ ಆ ಕಂಪ್ಯೂಟರಿನಲ್ಲಿ ಇದ್ದ ಲೆಕ್ಕದ ತಂತ್ರಾಂಶ ಪ್ರಯೋಗಕ್ಕೆ ಅಂತ ಕೊಟ್ಟದ್ದು. ಅದರ ಅವಧಿ ಒಂದು ದಿನ ಮುಗಿದೇ ಹೋಯಿತು. ಕಡತ ತೆರೆಯುತ್ತದೆ, ಆದರೆ ಹೊಸದಾಗಿ ಏನೂ ಬರೆಯಲು ಬಿಡುವುದಿಲ್ಲ. ದುಡ್ಡು ಕಟ್ಟಿ ಅನ್ನುತ್ತದೆ. ಮಾರನೆಯ ದಿನ ಭಾನುವಾರ, ಸಂಘದ ಸಭೆ.

"ಪುಕ್ಕಟೆದು ಇರುತ್ತೆ ಅಮ್ಮ, ನಾನು ಹಾಕಿಕೊಡ್ತೀನಿ" ಅಂತ ನಾನು ಕೂತೆ. ಅಪ್ಪನ ಮೊಬೈಲಿನಿಂದ ಇಂಟರ್‌ನೆಟ್ ಕೊಟ್ಟುಕೊಂಡು ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದೆ. ಒಂದು ಪುಟ ಬಂತು. ಅದರಲ್ಲಿ ದೊಡ್ಡದಾಗಿ ಹಸಿರು ಬಣ್ಣದಲ್ಲಿ ಡೌನ್‌ಲೋಡ್ ಅಂತ ಇತ್ತು. ಒತ್ತಿದೆ. ಆಮೇಲೆ ಬಂದ ಪ್ರಶ್ನೆಗಳಿಗೆಲ್ಲ ಓದದೇ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತುತ್ತಾ ಹೋದೆ.

ಬಂದದ್ದು ಲೆಕ್ಕದ ತಂತ್ರಾಂಶ ಅಲ್ಲ. ಅದು ಜಾಹೀರಾತು ತೋರಿಸುವ ಒಂದು ಪೀಡೆ. ಪರದೆ ತುಂಬಾ ಚಿತ್ರಗಳು ಬರಲು ಶುರುವಾದವು. ಒಂದನ್ನು ಮುಚ್ಚಿದರೆ ಎರಡು ಬರುತ್ತಿದ್ದವು. ಕಂಪ್ಯೂಟರ್ ಎಮ್ಮೆ ಥರ ನಿಧಾನ ಆಯಿತು. ಹೆದರಿ ಸ್ವಿಚ್ಚೇ ಆಫ್ ಮಾಡಿದೆವು. ಒಳಗೆ 18 ಜನರ ಲೆಕ್ಕ!

ಅಮ್ಮ ನನಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವರು ಟಾರ್ಚ್ ಹಿಡಿದುಕೊಂಡು ಮನೆ ಮನೆಗೆ ಹೋಗಿ ಎಲ್ಲರ ಪಾಸ್ ಪುಸ್ತಕ ಇಸ್ಕೊಂಡು ಬಂದರು. ರಾತ್ರಿ ಹನ್ನೆರಡರವರೆಗೂ ಕೂತು ಪುಸ್ತಕದಲ್ಲಿ ಪುನಃ ಬರೆದರು. ನಾನು ಪಕ್ಕದಲ್ಲಿ ಕೂತು ಅಂಕಿ ಓದಿ ಹೇಳಿದೆ.

ಸೋಮವಾರ ಮೇಷ್ಟ್ರು ನಮ್ಮ ಮನೆಗೆ ಬಂದು ಕಂಪ್ಯೂಟರ್ ಶುಚಿ ಮಾಡಿಕೊಟ್ಟರು. ಹಾಗೇ ತಂತ್ರಾಂಶ ಹುಡುಕುವ ಸರಿಯಾದ ದಾರಿ ಯಾವುದು ಅಂತ ಹೇಳಿಕೊಟ್ಟರು. ಅದನ್ನೇ ನಾನು ಇಲ್ಲಿ ಬರೆದಿದ್ದೇನೆ.

ತಂತ್ರಾಂಶ ಎಂದರೇನು?

ಗಣಕಯಂತ್ರದಲ್ಲಿ ಕೈಯಿಂದ ಮುಟ್ಟಬಹುದಾದ ಭಾಗಗಳಿಗೆ ಯಂತ್ರಾಂಶ ಎನ್ನುತ್ತಾರೆ. ಉದಾಹರಣೆಗೆ ಕೀಲಿಮಣೆ, ಮೌಸ್, ಪರದೆ. ಯಂತ್ರವು ಏನು ಮಾಡಬೇಕು ಎಂದು ಅದಕ್ಕೆ ಹೇಳುವ ಆಜ್ಞೆಗಳ ಪಟ್ಟಿಯೇ ತಂತ್ರಾಂಶ. ಇಂಗ್ಲಿಷಿನಲ್ಲಿ ಸಾಫ್ಟ್‌ವೇರ್. ಈ ಆಜ್ಞೆಗಳನ್ನು ಮನುಷ್ಯರು ಮೊದಲು ತಮಗೆ ಓದಲು ಬರುವ ಹಾಗೆ ಬರೆಯುತ್ತಾರೆ. ಅದಕ್ಕೆ ಮೂಲ ಸಂಕೇತ ಎಂದು ಹೆಸರು. ಆಮೇಲೆ ಅದನ್ನು ಯಂತ್ರಕ್ಕೆ ಅರ್ಥವಾಗುವ ಸೊನ್ನೆ ಮತ್ತು ಒಂದುಗಳಿಗೆ ಬದಲಾಯಿಸುತ್ತಾರೆ. ನಮಗೆ ಸಾಮಾನ್ಯವಾಗಿ ಸಿಗುವುದು ಈ ಎರಡನೆಯದು.

ಪುಕ್ಕಟೆಯಲ್ಲಿ ಮೂರು ಬಗೆ

ಪುಕ್ಕಟೆ ಅಂದರೆ ಎಲ್ಲಾ ಒಂದೇ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಇದನ್ನು ಬಿತ್ತನೆ ಬೀಜಕ್ಕೆ ಹೋಲಿಸಿದರೆ ಸುಲಭವಾಗಿ ತಿಳಿಯುತ್ತದೆ.

1) ಪ್ರಯೋಗದ ತಂತ್ರಾಂಶ: ಅಂಗಡಿಯವರು ಒಂದು ಹಿಡಿ ಬೀಜ ಕೊಟ್ಟು, "ನೋಡಿ, ಚೆನ್ನಾಗಿದ್ದರೆ ಕೊಂಡುಕೊಳ್ಳಿ" ಅಂದ ಹಾಗೆ. ಇಷ್ಟು ದಿನ ಅಂತ ಇರುತ್ತದೆ. ಆಮೇಲೆ ನಿಂತುಹೋಗುತ್ತದೆ. ನಮ್ಮ ಮನೆಯಲ್ಲಿ ಇದ್ದದ್ದು ಇದೇ.

2) ಉಚಿತ ತಂತ್ರಾಂಶ: ಯಾರೋ ಹೈಬ್ರಿಡ್ ಜೋಳದ ಬೀಜವನ್ನು ದುಡ್ಡಿಲ್ಲದೆ ಕೊಟ್ಟ ಹಾಗೆ. ಬಿತ್ತಬಹುದು, ಬೆಳೆಯಬಹುದು. ಆದರೆ ಆ ಬೆಳೆಯ ಕಾಳನ್ನೇ ಮುಂದಿನ ವರ್ಷ ಬಿತ್ತಿದರೆ ಅದೇ ಇಳುವರಿ ಬರುವುದಿಲ್ಲ. ಪುನಃ ಅವರ ಹತ್ತಿರವೇ ಹೋಗಬೇಕು. ಇಂಥ ತಂತ್ರಾಂಶದ ಮೂಲ ಸಂಕೇತ ನಮಗೆ ಸಿಗುವುದಿಲ್ಲ. ಕೊಟ್ಟವರು ನಾಳೆ ಬೆಲೆ ಇಟ್ಟರೆ ನಾವು ಏನೂ ಮಾಡುವ ಹಾಗಿಲ್ಲ.

3) ಮುಕ್ತ ತಂತ್ರಾಂಶ: ಇದು ನಮ್ಮ ನಾಟಿ ರಾಗಿ ಬೀಜದ ಹಾಗೆ. ಬಿತ್ತಬಹುದು, ಎತ್ತಿಡಬಹುದು, ನೆಂಟರಿಗೂ ಕೊಡಬಹುದು, ಒಳ್ಳೆಯ ತೆನೆ ಆರಿಸಿ ತಳಿಯನ್ನೇ ಉತ್ತಮಪಡಿಸಬಹುದು. ಯಾರೂ ಕೇಳುವ ಹಾಗಿಲ್ಲ.

ಇಂಗ್ಲಿಷಿನಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಫ್ರೀ ಎಂಬ ಒಂದೇ ಪದ ಇರುವುದರಿಂದ ಅಲ್ಲಿಯವರಿಗೇ ಗೊಂದಲ ಆಗುತ್ತದಂತೆ. ನಮ್ಮ ಕನ್ನಡದಲ್ಲಿ ಉಚಿತ ಬೇರೆ, ಮುಕ್ತ ಬೇರೆ. ನಮಗೆ ಗೊಂದಲವಿಲ್ಲ.

ಇದು ಶುರುವಾದ ಕಥೆ

ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಕೆಲಸ ಮಾಡುತ್ತಿದ್ದರು. ಅಲ್ಲಿಯ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ಅವರು ಅದರ ತಂತ್ರಾಂಶವನ್ನು ತಿದ್ದಿದ್ದರು. 1980ರ ಸುಮಾರಿಗೆ ಹೊಸ ಪ್ರಿಂಟರ್ ಬಂತು. ಅದರಲ್ಲೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಆದರೆ ಅದರ ಮೂಲ ಸಂಕೇತವನ್ನು ಇವರಿಗೆ ಕೊಡಲಿಲ್ಲ. ತಿದ್ದಲು ಗೊತ್ತಿದ್ದರೂ ತಿದ್ದುವ ಹಾಗಿಲ್ಲ! ಅವರಿಗೆ ಬಹಳ ಬೇಜಾರಾಯಿತು. 1983ರಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಪ್ರಕಟಿಸಿದರು. 1985ರಲ್ಲಿ ಮುಕ್ತ ತಂತ್ರಾಂಶಕ್ಕಾಗಿಯೇ ಒಂದು ಪ್ರತಿಷ್ಠಾನವನ್ನು ಕಟ್ಟಿದರು.

ಮುಕ್ತ ತಂತ್ರಾಂಶದಲ್ಲಿ ನಾಲ್ಕು ಸ್ವಾತಂತ್ರ್ಯಗಳು ಇರಬೇಕು. ಯಾವ ಕೆಲಸಕ್ಕೆ ಬೇಕಾದರೂ ಬಳಸುವುದು, ಒಳಗೆ ನೋಡಿ ತಿದ್ದುವುದು, ಪ್ರತಿ ಮಾಡಿ ಬೇರೆಯವರಿಗೆ ಕೊಡುವುದು, ತಿದ್ದಿದ್ದನ್ನೂ ಹಂಚುವುದು. ಇವಕ್ಕೆ 0, 1, 2, 3 ಎಂದು ಅಂಕಿ ಕೊಟ್ಟಿದ್ದಾರೆ. ಕಂಪ್ಯೂಟರಿನವರು ಸೊನ್ನೆಯಿಂದ ಎಣಿಸುತ್ತಾರೆ.

1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಎಂಬುದನ್ನು ಬರೆದು ಎಲ್ಲರಿಗೂ ಹಂಚಿದರು. ಆಗ ಅವರಿಗೆ 21 ವರ್ಷ. ಇವತ್ತು ನಮ್ಮ ಅಪ್ಪಂದಿರ ಆಂಡ್ರಾಯ್ಡ್ ಮೊಬೈಲಿನ ಒಳಗೆ ಕೆಲಸ ಮಾಡುವುದೂ ಲಿನಕ್ಸೇ.

ನಮಗೆ ಉಪಯೋಗವಾಗುವ ಕೆಲವು

ಲಿಬ್ರೆಆಫೀಸ್: ಪತ್ರ ಬರೆಯಲು, ಲೆಕ್ಕ ಇಡಲು. 2010ರಲ್ಲಿ ಶುರುವಾಯಿತು. ಬೇರೆ ಆಫೀಸ್ ತಂತ್ರಾಂಶದಲ್ಲಿ ಬರೆದ ಕಡತಗಳನ್ನೂ ತೆರೆಯುತ್ತದೆ. ಲೆಕ್ಕದ ಭಾಗಕ್ಕೆ ಕ್ಯಾಲ್ಕ್ ಎಂದು ಹೆಸರು.

ವಿಎಲ್‌ಸಿ: ಹಾಡು, ಸಿನಿಮಾ ನೋಡಲು. ಫ್ರಾನ್ಸ್ ದೇಶದ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ್ದು. ರಸ್ತೆ ರಿಪೇರಿ ಮಾಡುವಾಗ ಇಡುತ್ತಾರಲ್ಲ, ಆ ಕಿತ್ತಳೆ ಬಣ್ಣದ ಶಂಕುವೇ ಇದರ ಗುರುತು.

ಜಿಂಪ್: ಫೋಟೋ ತಿದ್ದಲು. 1995ರಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳು ಇದನ್ನು ಶುರು ಮಾಡಿದರು.

ಟಕ್ಸ್ ಪೇಂಟ್: ಚಿಕ್ಕ ಮಕ್ಕಳು ಚಿತ್ರ ಬರೆಯಲು. 2002ರಲ್ಲಿ ಬಂತು. ನನ್ನ ತಂಗಿ ಇದನ್ನು ಬಿಟ್ಟು ಏಳುವುದೇ ಇಲ್ಲ.

ಜಿಕಾಂಪ್ರಿ: ಎಣಿಕೆ, ಅಕ್ಷರ, ಒಗಟು ಇರುವ ಕಲಿಕೆಯ ಆಟಗಳು. ಫ್ರೆಂಚ್ ಭಾಷೆಯಲ್ಲಿ ಈ ಹೆಸರನ್ನು ಓದಿದರೆ "ನನಗೆ ಅರ್ಥವಾಯಿತು" ಅನ್ನುವ ಹಾಗೆ ಕೇಳಿಸುತ್ತದೆ.

ಇನ್ನು ಕನ್ನಡ ಟೈಪ್ ಮಾಡಲು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಇದೆ. ಅದಕ್ಕೆ ದುಡ್ಡಿಲ್ಲ. ಆದರೆ ವಿಂಡೋಸ್ 10 ಮತ್ತು 11ರಲ್ಲಿ ಕನ್ನಡ ಅಕ್ಷರವೂ ಕೀಲಿಮಣೆಯೂ ಮೊದಲೇ ಇರುತ್ತವೆ. ಸೆಟ್ಟಿಂಗ್ಸಿನಲ್ಲಿ ಭಾಷೆ ಅನ್ನುವ ಕಡೆ ಹೋಗಿ ಕನ್ನಡ ಸೇರಿಸಿಕೊಂಡರೆ ಸಾಕು. ಹಾಗಾಗಿ ಇಳಿಸಿಕೊಳ್ಳುವ ಮುಂಚೆ ನಮ್ಮ ಮನೆಯಲ್ಲೇ ಇದೆಯಾ ಅಂತ ನೋಡಬೇಕು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದರಂತೆ!

ಇಳಿಸಿಕೊಳ್ಳುವ ಕ್ರಮ

ಒಂದನೆಯ ಹೆಜ್ಜೆ: ಮೊದಲು ಮುಖ್ಯವಾದ ಕಡತಗಳನ್ನು ಪೆನ್‌ಡ್ರೈವಿಗೆ ಪ್ರತಿ ಮಾಡಿ ತೆಗೆದಿಡಿ. ಆಮೇಲೆ ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ಬಿಚ್ಚಿಡಿ. ನಾನು ಇದನ್ನು ಮಾಡಿದ್ದರೆ ಅಮ್ಮ ಆ ರಾತ್ರಿ ಮಲಗಿರುತ್ತಿದ್ದರು.

ಎರಡನೆಯ ಹೆಜ್ಜೆ: ನಿಮ್ಮ ಕಂಪ್ಯೂಟರ್ ಯಾವ ಥರದ್ದು ಅಂತ ತಿಳಿದುಕೊಳ್ಳಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ ಅಲ್ಲಿ 32 ಬಿಟ್ ಅಥವಾ 64 ಬಿಟ್ ಎಂದು ಬರೆದಿರುತ್ತದೆ. 64 ಬಿಟ್‌ನ ತಂತ್ರಾಂಶ 32 ಬಿಟ್‌ನ ವಿಂಡೋಸಿನಲ್ಲಿ ಕೂರುವುದಿಲ್ಲ. ವಿಂಡೋಸ್ ಯಾವ ಕಾಲದ್ದು ಅಂತಲೂ ನೋಡಿ. 2025ರ ಆಗಸ್ಟಿನಲ್ಲಿ ಬಂದ ಲಿಬ್ರೆಆಫೀಸ್‌ನಿಂದ ಮುಂದಕ್ಕೆ ವಿಂಡೋಸ್ 7ರಲ್ಲಿ ಅದು ನಡೆಯುವುದಿಲ್ಲ.

ಮೂರನೆಯ ಹೆಜ್ಜೆ: ತಯಾರು ಮಾಡಿದವರ ಸ್ವಂತ ತಾಣಕ್ಕೇ ಹೋಗಿ. ಹಾಲು ಬೇಕಾದರೆ ಕರೆಯುವವರ ಮನೆಗೇ ಹೋಗಬೇಕು. ನಡುವೆ ಮಾರುವವರ ಹತ್ತಿರ ಹೋದರೆ ಎಷ್ಟು ನೀರು ಬೆರೆಸಿದ್ದಾರೋ ಯಾರಿಗೆ ಗೊತ್ತು? ಲಿಬ್ರೆಆಫೀಸ್ ಡಾಟ್ ಆರ್ಗ್, ವಿಡಿಯೋಲ್ಯಾನ್ ಡಾಟ್ ಆರ್ಗ್, ಜಿಂಪ್ ಡಾಟ್ ಆರ್ಗ್, ಟಕ್ಸ್‌ಪೇಂಟ್ ಡಾಟ್ ಆರ್ಗ್, ಜಿಕಾಂಪ್ರಿ ಡಾಟ್ ನೆಟ್, ಇವು ಅವರವರ ಸ್ವಂತ ವಿಳಾಸಗಳು. ಒಂದು ಅಕ್ಷರ ತಪ್ಪಿದರೂ ಬೇರೆ ಯಾರದೋ ಮನೆ ಸೇರುತ್ತೀರಿ. ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಬೇಕಾದವರು ಕೇಳಿ, ಕೊಡ್ತೀನಿ.

ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ಪಕ್ಕದಲ್ಲಿ ಸಣ್ಣದಾಗಿ ಪ್ರಾಯೋಜಿತ ಅಂತ ಬರೆದಿರುತ್ತದೆ. ನಾನು ಮೋಸ ಹೋದದ್ದು ಅಲ್ಲೇ. ಇನ್ನೊಂದು ಮಾತು. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದ್ದರೆ ತಾಣ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ದಾರಿಯಲ್ಲಿ ಯಾರೂ ಇಣುಕಿ ನೋಡಲಾರರು ಅನ್ನುವುದಷ್ಟೇ ಅದರ ಅರ್ಥ. ಕಳ್ಳನ ಮನೆಗೂ ಬೀಗ ಇರುತ್ತದಲ್ಲ!

ನಾಲ್ಕನೆಯ ಹೆಜ್ಜೆ: ಎಷ್ಟು ದೊಡ್ಡ ಕಡತ, ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ. ಇದು ಗಣಿತ. ಕಡತದ ಗಾತ್ರವನ್ನು ಬೈಟ್‌ನಲ್ಲಿ ಹೇಳುತ್ತಾರೆ. ಇಂಟರ್‌ನೆಟ್ಟಿನ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ. 8 ಬಿಟ್ ಸೇರಿದರೆ 1 ಬೈಟ್.

ಲಿಬ್ರೆಆಫೀಸ್ ಸುಮಾರು 350 ಮೆಗಾಬೈಟ್ ಇದೆ ಎಂದು ಇಟ್ಟುಕೊಳ್ಳೋಣ.
350 × 8 = 2800 ಮೆಗಾಬಿಟ್.
ಸೆಕೆಂಡಿಗೆ 8 ಮೆಗಾಬಿಟ್ ವೇಗ ಇದ್ದರೆ: 2800 ÷ 8 = 350 ಸೆಕೆಂಡ್. ಅಂದರೆ ಆರು ನಿಮಿಷದ ಹತ್ತಿರ.
ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ಇದ್ದರೆ: 2800 ಸೆಕೆಂಡ್. ಅಂದರೆ 46 ನಿಮಿಷ 40 ಸೆಕೆಂಡ್.

ದಿನಕ್ಕೆ 1.5 ಜಿಬಿ ಬರುವ ಮೊಬೈಲ್ ಪ್ಯಾಕಿನಲ್ಲಿ ಇದಕ್ಕೆ ಕಾಲು ಭಾಗದ ಹತ್ತಿರ ಖರ್ಚಾಗುತ್ತದೆ. ಅದಕ್ಕೆ ಮನೆಯವರನ್ನು ಕೇಳಿಯೇ ಶುರು ಮಾಡಿ. ನಮ್ಮಪ್ಪ ರಾತ್ರಿ ವಾರ್ತೆ ನೋಡಿ ಮುಗಿಸಿದ ಮೇಲೆ ಉಳಿದದ್ದು ನನಗೆ, ಅಂತ ಒಪ್ಪಂದ ಆಗಿದೆ.

ಐದನೆಯ ಹೆಜ್ಜೆ: ಸರಿಯಾದ ಗುಂಡಿಯನ್ನು ಒತ್ತಿ. ಲಿಬ್ರೆಆಫೀಸಿನಲ್ಲಿ ಡೌನ್‌ಲೋಡ್ ಒತ್ತಿದ ಮೇಲೆ ದೇಣಿಗೆ ಕೇಳುವ ಪುಟ ಕಾಣುತ್ತದೆ. ಹೆದರಬೇಡಿ. ಕೊಡುವುದು ಬಿಡುವುದು ನಮ್ಮ ಇಷ್ಟ. ಕೊಡದಿದ್ದರೂ ಕಡತ ಇಳಿಯುತ್ತದೆ.

ಇಳಿದ ಕಡತದ ಹೆಸರಿನ ಬಾಲ ನೋಡಿ. ವಿಂಡೋಸಿನಲ್ಲಿ ಹೊಸ ತಂತ್ರಾಂಶ ಹಾಕುವ ಕಡತದ ಕೊನೆಗೆ ಇಎಕ್ಸ್‌ಇ ಅಥವಾ ಎಂಎಸ್‌ಐ ಎಂದು ಸಾಮಾನ್ಯವಾಗಿ ಇರುತ್ತದೆ. ಹಾಡು, ಪುಸ್ತಕ, ಫೋಟೋ ಅಂತ ಹೇಳಿ ಕೊಟ್ಟ ಕಡತದ ಕೊನೆಗೆ ಇಎಕ್ಸ್‌ಇ ಇದ್ದರೆ ಅದು ಮೋಸ. ತೆರೆಯಬೇಡಿ.

ಆರನೆಯ ಹೆಜ್ಜೆ: ತಾಳೆ ನೋಡಿ. ಇದು ನನಗೆ ಬಹಳ ಇಷ್ಟವಾದ ಭಾಗ. ಇಡೀ ಕಡತವನ್ನು ಒಂದು ಗಣಿತದ ಕ್ರಮಕ್ಕೆ ಹಾಕಿ 64 ಅಕ್ಷರಗಳ ಒಂದು ಗುರುತು ತೆಗೆಯುತ್ತಾರೆ. ಆ ಕ್ರಮಕ್ಕೆ ಷಾ-256 ಎಂದು ಹೆಸರು. ಗುರುತಿನಲ್ಲಿ 0 ಯಿಂದ 9 ರ ಅಂಕಿ ಮತ್ತು ಇಂಗ್ಲಿಷಿನ ಎ ಯಿಂದ ಎಫ್ ವರೆಗಿನ ಅಕ್ಷರ ಮಾತ್ರ ಇರುತ್ತವೆ. ಕಡತದೊಳಗೆ ಒಂದೇ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆ ಆಗುತ್ತದೆ. ತಯಾರಕರು ಈ ಗುರುತನ್ನು ತಮ್ಮ ತಾಣದಲ್ಲಿ ಹಾಕಿರುತ್ತಾರೆ. ನಮ್ಮ ಕಂಪ್ಯೂಟರಿನಲ್ಲೂ ಗುರುತು ತೆಗೆದು ಎರಡನ್ನೂ ಹೋಲಿಸಬೇಕು. ವಿಂಡೋಸಿನಲ್ಲಿ ಇದಕ್ಕೆ ಸರ್ಟ್‌ಯುಟಿಲ್ ಎಂಬ ಆಜ್ಞೆ ಇದೆ. ಲಿನಕ್ಸಿನಲ್ಲಿ ಷಾ256ಸಮ್ ಎಂಬುದಿದೆ.

ಸೊಸೈಟಿಯಿಂದ ಚೀಲ ಬಂದಾಗ ಬಾಯಿಗೆ ಹಾಕಿದ ಸೀಲು ಒಡೆದಿದೆಯಾ ಅಂತ ನೋಡುತ್ತೇವಲ್ಲ, ಇದೂ ಹಾಗೇ. ಮಧ್ಯದಲ್ಲಿ ಇಂಟರ್‌ನೆಟ್ ನಿಂತು ಕಡತ ಅರ್ಧ ಬಂದಿದ್ದರೂ ಇದರಿಂದ ಗೊತ್ತಾಗುತ್ತದೆ.

ಏಳನೆಯ ಹೆಜ್ಜೆ: ಓದಿ ಒತ್ತಿ. ಹೊಸದನ್ನು ಹಾಕುವಾಗ ಕೇಳುವ ಪ್ರಶ್ನೆಗಳ ಮಧ್ಯೆ, "ಇದರ ಜೊತೆ ಅದನ್ನೂ ಹಾಕಲಾ?" ಅಂತ ಒಂದು ಚೌಕದಲ್ಲಿ ಮೊದಲೇ ಟಿಕ್ ಮಾಡಿಟ್ಟಿರುತ್ತಾರೆ. ಬೇಡದ ಟಿಕ್ ತೆಗೆಯಿರಿ. ಇಂಗ್ಲಿಷ್ ಅರ್ಥವಾಗದಿದ್ದರೆ ನಿಲ್ಲಿಸಿ, ದೊಡ್ಡವರನ್ನು ಕೇಳಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಕಾವಲುಗಾರ ಮೊದಲೇ ಇದೆ. ಏನನ್ನಾದರೂ ಹಾಕಲು ಅದನ್ನು ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆಗಿ ಅನ್ನುವವನು ನೆಂಟನಲ್ಲ.

ಕದ್ದ ತಂತ್ರಾಂಶ ಬೇಡ

ದುಡ್ಡಿನ ತಂತ್ರಾಂಶದ ಬೀಗ ಮುರಿದು ಪುಕ್ಕಟೆ ಹಂಚುವವರು ಇದ್ದಾರೆ. ನನಗೂ ಒಬ್ಬರು, "ಅದನ್ನೇ ಹಾಕ್ಕೋ, ಎಲ್ಲರೂ ಹಾಕ್ಕೋತಾರೆ" ಅಂದಿದ್ದರು. ಅದು ಕಾನೂನಿಗೆ ವಿರುದ್ಧ. ಅಲ್ಲದೆ ಬೀಗ ಮುರಿದವನು ಒಳಗೆ ಏನು ಇಟ್ಟು ಕಳಿಸಿದ್ದಾನೋ ನಮಗೆ ಕಾಣುವುದಿಲ್ಲ. ಮುಕ್ತ ತಂತ್ರಾಂಶ ಇರುವಾಗ ಆ ದಾರಿ ಯಾಕೆ?

ಹಳೆಯ ಕಂಪ್ಯೂಟರ್ ಇದ್ದರೆ

ವಿಂಡೋಸ್ 10ಕ್ಕೆ ಕಂಪನಿಯವರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಎಷ್ಟೋ ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ 11 ಕೂರುವುದಿಲ್ಲ. ಹಾಗಂತ ಗುಜರಿಗೆ ಹಾಕಬೇಕಾಗಿಲ್ಲ. ಲಿನಕ್ಸ್ ಮಿಂಟ್ ಎಂಬುದಿದೆ. 2006ರಲ್ಲಿ ಶುರುವಾದದ್ದು. 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 4 ಜಿಬಿ ಇದ್ದರೆ ಆರಾಮ. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಇಷ್ಟವಾದರೆ ಮಾತ್ರ ಒಳಗೆ ಹಾಕಿಕೊಳ್ಳಬಹುದು. ಕಡತ ಮಾತ್ರ ದೊಡ್ಡದು, ಸುಮಾರು 3 ಜಿಬಿ. ಅದನ್ನು ಪೆನ್‌ಡ್ರೈವಿಗೆ ಬರೆಯಲು ಬೇರೆ ವಿಧಾನವಿದೆ, ಸುಮ್ಮನೆ ಪ್ರತಿ ಮಾಡಿದರೆ ಆಗುವುದಿಲ್ಲ. ಒಳಗೆ ಹಾಕುವಾಗ ಹಳೆಯದೆಲ್ಲ ಅಳಿಸಿಹೋಗಬಹುದು. ಆದ್ದರಿಂದ ಇದನ್ನು ಗೊತ್ತಿರುವವರ ಜೊತೆಯೇ ಮಾಡಿ.

ಲಿನಕ್ಸಿನಲ್ಲಿ ಇನ್ನೊಂದು ಅನುಕೂಲ. ಬೇಕಾದ ತಂತ್ರಾಂಶಗಳೆಲ್ಲ ಒಂದೇ ಉಗ್ರಾಣದಲ್ಲಿ ಇರುತ್ತವೆ. ಹೆಸರು ಬರೆದು ಒತ್ತಿದರೆ ಅದೇ ತರುತ್ತದೆ, ಗುರುತನ್ನೂ ಅದೇ ತಾಳೆ ನೋಡುತ್ತದೆ.

ಕೊನೆಗೆ ಏನಾಯಿತು?

ಮೇಷ್ಟ್ರು ಹೇಳಿದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ನಾನೇ ಲಿಬ್ರೆಆಫೀಸ್ ಇಳಿಸಿದೆ. 64 ಅಕ್ಷರವನ್ನೂ ನಾನೂ ತಂಗಿಯೂ ಕೂತು ತಾಳೆ ನೋಡಿದೆವು. ಅಮ್ಮನ ಹಳೆಯ ಕಡತ ತೆರೆಯಿತು. ಒಂದು ಅಂಕಿಯೂ ಹೋಗಿರಲಿಲ್ಲ! ಆ ರಾತ್ರಿ ಅಮ್ಮ ಬರೆದ ಪುಸ್ತಕಕ್ಕೂ ಕಂಪ್ಯೂಟರಿಗೂ ಹೋಲಿಸಿದಾಗ 50 ರೂಪಾಯಿ ವ್ಯತ್ಯಾಸ ಬಂತು. ಹುಡುಕಿದರೆ ಪುಸ್ತಕದಲ್ಲಿ ಒಬ್ಬ ಅಜ್ಜಿಯ ಒಂದು ವಾರದ ಕಂತು ಬಿಟ್ಟುಹೋಗಿತ್ತು. ನಿದ್ದೆಗಣ್ಣಿನಲ್ಲಿ ಆ ಸಾಲನ್ನು ಓದದೆ ಬಿಟ್ಟವನು ನಾನೇ. ಮುಂದಿನ ಸಭೆಯಲ್ಲಿ ಅಮ್ಮ ಅದನ್ನು ಎಲ್ಲರ ಎದುರಿಗೂ ಸರಿಪಡಿಸಿದರು. ಈಗ ಅಮ್ಮ ಕಂಪ್ಯೂಟರಿನಲ್ಲೂ ಬರೆಯುತ್ತಾರೆ, ಪುಸ್ತಕದಲ್ಲೂ ಬರೆಯುತ್ತಾರೆ.

ಲಿಬ್ರೆಆಫೀಸ್ ಕಡತ ನನ್ನ ಪೆನ್‌ಡ್ರೈವಿನಲ್ಲಿದೆ. ಟಕ್ಸ್ ಪೇಂಟ್, ಜಿಕಾಂಪ್ರಿ ಕೂಡ ಇವೆ. ಇವು ಮುಕ್ತ ತಂತ್ರಾಂಶ ಆದ್ದರಿಂದ ಹಂಚಿದರೆ ಕಳ್ಳತನ ಅಲ್ಲ. ಒಬ್ಬರು ಇಳಿಸಿಕೊಂಡರೆ ಊರಿಗೇ ಸಾಕು, ಎಲ್ಲರ ಮೊಬೈಲ್ ಪ್ಯಾಕೂ ಖರ್ಚಾಗಬೇಕಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇರುವವರು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಬನ್ನಿ. ಆದರೆ ನಾನು ಕೊಟ್ಟೆ ಅಂತ ನಂಬಿ ಸುಮ್ಮನೆ ಹಾಕಿಕೊಳ್ಳಬೇಡಿ. ಆ 64 ಅಕ್ಷರಗಳನ್ನು ನೀವೂ ತಾಳೆ ನೋಡಿ.

ಲೇಖನದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ